ಅತ್ತೆ ಯೂರಿಯಾ ಹಾಕಿದ ಕ್ರೋಟನ್

ನಮ್ಮ ಮಾಳಿಗೆಯ ಮೇಲೆ ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಡಬೇಕೆನ್ನುವ ಹುಚ್ಚು ನನ್ನ ಗಂಡನ ತಲೆ ಹೊಕ್ಕಿದ್ದು ಹೋದ ವರ್ಷದ ಬೇಸಿಗೆಯಲ್ಲಿ. ಸಿಂಧನೂರಿನಲ್ಲಿ ಈಗ ಯಾವ ಓಣಿಗೆ ಹೋದರೂ ಒಂದಲ್ಲ ಒಂದು ಮನೆಯ ನೆತ್ತಿಯ ಮೇಲೆ ಕಬ್ಬಿಣದ ಸರಳುಗಳು ನಿಂತಿರುತ್ತವೆ. "ಎಲ್ಲಾರೂ ಕಟ್ಟಾಕತ್ತಾರ, ನಮ್ಮದೊಂದ ಖಾಲಿ ಬಿದ್ದೈತಿ" ಎಂದರು. ಖಾಲಿಯಂತೆ! ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೆಟ್ಟಿಲು ಹತ್ತಿ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ಗಿಡದ ಕುಂಡಗಳು ಅಲ್ಲಿದ್ದವು. "ಏನ್ರಿ, ಕಣ್ಣಾಗ ಏನರ ಬಿದ್ದೈತೇನು? ಅಷ್ಟು ಗಿಡ ಅದಾವಲ್ಲ ಮ್ಯಾಲ!" ಎಂದೆ. "ಹೂ ಬಿಡಂಗಿಲ್ಲ, ಕಾಯಿ ಬಿಡಂಗಿಲ್ಲ, ಬರೇ ಎಲಿ. ಎಲಿ ಇಟಗೊಂಡು ಏನ್ ಮಾಡ್ತಿ?" ಎಂದು ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು.

ಹೌದು, ಬರೇ ಎಲೆ. ಸೊಗಸೆಲ್ಲ ಅದರಲ್ಲೇ ಅಲ್ಲವೇ? ಕ್ರೋಟನ್ ಗಿಡದ ಬಣ್ಣವೆಲ್ಲ ಎಲೆಯಲ್ಲೇ. ಒಂದರದು ಅಚ್ಚ ಹಳದಿ, ಮೇಲೆ ಹಸಿರು ಚುಕ್ಕಿ. ಇನ್ನೊಂದಕ್ಕೆ ನಡುನರ ಕೆಂಪು, ಅಂಚಿಗೆ ಹೋಗುತ್ತ ಹೋಗುತ್ತ ಕೇಸರಿ. ಮತ್ತೊಂದರ ಎಲೆ ಉದ್ದಕ್ಕೆ ತಿರುಚಿಕೊಂಡು ಇಳಿಬೀಳುತ್ತದೆ. ಮೊದಲ ಕಡ್ಡಿಗಳನ್ನು ಲಿಂಗಸುಗೂರಿನ ನನ್ನ ಅಕ್ಕನ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಮೆಲ್ಲನೆ ಬಗ್ಗಿ, "ಕೂಸು ಮಲಗೈತೇನ್ರಿ?" ಎಂದು ಕೇಳಿದ್ದಳು. ಹೌದೆಂದುಬಿಟ್ಟೆ. ಆಮೇಲೆ ಮಸ್ಕಿ ಬರುವವರೆಗೂ ಆಕೆ ಎಬ್ಬಿಸಬಾರದೆಂದು ಪಿಸುಮಾತಿನಲ್ಲೇ ಮಾತಾಡಿದಳು, ನಾನು ನಗು ತಡೆದು ತಡೆದು ಹೊಟ್ಟೆ ನೋಯಿಸಿಕೊಂಡೆ.

ರೂಮಿನ ಮಾತು ದಿನಾ ನಡೆಯುತ್ತಿರುವಾಗಲೇ ನನ್ನ ನಸೀಬು ಖುಲಾಯಿಸಿತು. ಲಿಂಗಸುಗೂರು ರಸ್ತೆಗೆ ಹೊಸದಾಗಿ ಒಂದು ಮದುವೆ ಹಾಲ್ ಕಟ್ಟಿಸುತ್ತಿದ್ದವರು ಯಾರದೋ ಬಾಯಲ್ಲಿ ಗಿಡಗಳ ಸುದ್ದಿ ಕೇಳಿ ನಮ್ಮ ಮಾಳಿಗೆಗೆ ಬಂದರು. ಅವರು ಈ ಸೀಮೆಗೆ ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು, ಇಲ್ಲಿ ಕ್ಯಾಂಪ್ ಎನ್ನುವ ವಲಸಿಗರ ಹಳ್ಳಿಯಲ್ಲಿ ನೆಲೆನಿಂತ ಮನೆತನದವರು, ಮಾತಿನಲ್ಲಿ ಇನ್ನೂ ತೆಲುಗು ಇಣುಕುತ್ತದೆ. "ಚಾಲಾ ಬಾಗುಂದಮ್ಮಾ, ಭಾಳ ಚಂದ ಅದಾವ! ನಮ್ಮ ಬಾಗಿಲಿಗೆ, ಸ್ಟೇಜಿಗೆ ಇಂಥವೇ ಬೇಕು. ದೀಪಾವಳಿ ಆದ ಮ್ಯಾಲ ಮದುವಿ ಸೀಜನ್ ಸುರು. ಆವಾಗ ಬಂದು ಎಲ್ಲಾ ಒಯ್ತೀನಿ. ಆದರ ಬಣ್ಣ ಹಿಂಗ ಇರಬೇಕು ನೋಡ್ರಿ, ಬಣ್ಣ!" ಎಂದು ಹೇಳಿ ಹೋದರು.

ನಮ್ಮ ಮನೆಯವರು ಗಡ್ಡ ತುರಿಸಿಕೊಂಡು ಒಂದು ಕರಾರು ಹಾಕಿದರು. "ಅವರು ಬಂದು ಒಯ್ದ್ರ ಮಾಳಿಗಿ ನಿಂದು. ಒಯ್ಯಲಿಲ್ಲ ಅಂದ್ರ ಮರುದಿನ ಮೇಸ್ತ್ರಿ ಬರ್ತಾನ. ಆಮ್ಯಾಲ ತಕರಾರು ಮಾಡಬಾರದು." ನಾನು ಮಸ್ಕಿಯವಳು. ಬಂಡೆಗಲ್ಲು, ತೊಗರಿ ಹೊಲ, ಕೊಡ ಹೊತ್ತು ತಂದ ನೀರು ನೋಡಿ ಬೆಳೆದವಳು. ಇಂಥ ಮಾತಿಗೆ ಹೆದರುತ್ತೇನೆಯೇ? "ಆತು, ಬರ್ರಿ" ಎಂದು ಕೈಗೆ ಕೈ ಹೊಡೆದೆ.

ಈಗ ನನ್ನ ಅತ್ತೆಯ ವಿಷಯ ಹೇಳಬೇಕು. ಆಕೆ ತುರ್ವಿಹಾಳದಾಕೆ. ಕಾಲುವೆ ನೀರು ತುಂಬಿದ ಭತ್ತದ ಗದ್ದೆಯಲ್ಲಿ ಮೊಣಕಾಲಮಟ ನಿಂತು ನೆಲ್ಲು ಹಚ್ಚುತ್ತ ಆಯಸ್ಸು ಕಳೆದವಳು. ಅದೇ ಮೊಣಕಾಲು ಮುಷ್ಕರ ಹೂಡಿದ ಮೇಲೆ ಹೊಲವನ್ನು ಲೀಸಿಗೆ ಕೊಟ್ಟು ಸಿಂಧನೂರಿಗೆ ನಮ್ಮ ಜೊತೆ ಇರಲು ಬಂದಿದ್ದಳು. ಬಂದಳೇನೋ ಸರಿ, ಕಣ್ಣು ಮಾತ್ರ ಹೊಲದಲ್ಲೇ ಇತ್ತು. ಬಸ್ಸಿನಲ್ಲಿ ಹೋಗುವಾಗ ಕಿಟಕಿಗೆ ಮುಖ ಹಚ್ಚಿ, "ಇವಂದು ಹಸದೈತಿ, ಯೂರಿಯಾ ಸಾಲವಲ್ದು... ಇವಾ ನೋಡು ಶ್ಯಾಣ್ಯಾ, ಬರೋಬ್ಬರಿ ಹಾಕ್ಯಾನ" ಎಂದು ದಾರಿಯುದ್ದಕ್ಕೂ ಕಂಡವರ ಬೆಳೆಗೆಲ್ಲ ಮಾರ್ಕು ಕೊಡುತ್ತಿದ್ದಳು. ನೆಲ್ಲಿನ ಎಲೆ ಹಳದಿಗೆ ತಿರುಗಿತೆಂದರೆ ಪೈರು ಹಸಿದಿದೆ, ಗೊಬ್ಬರ ಬೇಡುತ್ತಿದೆ ಎಂದರ್ಥ. ಈ ಸೀಮೆಯಲ್ಲಿ ಅದನ್ನು ಕೂಸುಗಳಿಗೂ ಹೇಳಿಕೊಡಬೇಕಿಲ್ಲ.

ಅಂಥಾಕೆಯನ್ನು ಮೊದಲ ಸಲ ಮಾಳಿಗೆಗೆ ಕರೆದೊಯ್ದು, ಹಿಗ್ಗಿನಿಂದ ನನ್ನ ಗಿಡಗಳನ್ನು ತೋರಿಸಿದೆ. ಆಕೆ ಸೆರಗು ಬಾಯಿಗೆ ಹಚ್ಚಿ ನಿಂತಳು. "ಯವ್ವಾ, ಇವಕ್ಕೇನು ರೋಗ ಬಂದೈತಿ?"

"ರೋಗ ಅಲ್ರಿ ಅತ್ತಿ, ಇವುಗಳ ಬಣ್ಣನ ಹಂಗ."

"ನನಗ ಹೇಳ್ತಿಯೇನು? ಎಲಿ ನೋಡಿದ್ರ ಗೊತ್ತಾಗಂಗಿಲ್ಲೇನು ನನಗ? ಉಪಾಸ ಕೆಡವೀದಿ ಪಾಪ!" ಎಂದು ಒಂದು ಹಳದಿ ಎಲೆಯ ಬೆನ್ನು ಸವರಿದಳು. ನಾನು ನಕ್ಕೆ. ಆಕೆ ನಗಲಿಲ್ಲ.

ಕಾರಹುಣ್ಣಿಮೆಯ ಹೊತ್ತಿಗೆ ಲಿಂಗಸುಗೂರಿನಲ್ಲಿ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಳು. ಅವಳ ಮನೆ ನೋಡಿಕೊಳ್ಳಲು ನಾನು ಹೊರಟೆ. ಗಿಡಗಳನ್ನು ಅತ್ತೆಯ ಕೈಗೆ ಒಪ್ಪಿಸುತ್ತ, "ನೀರಷ್ಟ ಹಾಕ್ರಿ, ಬ್ಯಾರೆ ಏನೂ ಬ್ಯಾಡ" ಎಂದು ಹತ್ತು ಸಲ ಹೇಳಿದೆ. "ಆತವ್ವಾ ತಾಯಿ, ನಾ ಏನ್ ಸಣ್ಣಾಕೇನು?" ಎಂದಳು. ಲಿಂಗಸುಗೂರಿನಿಂದ ಫೋನು ಮಾಡಿದಾಗೆಲ್ಲ ಒಂದೇ ಉತ್ತರ: "ಗಿಡದ ಫಿಕರ್ ನೀ ಮಾಡಬ್ಯಾಡ. ಬಂದು ನೋಡು, ಗುರ್ತು ಹಿಡಿಯಂಗಿಲ್ಲ!" ಆ ಧ್ವನಿಯಲ್ಲಿನ ಉಬ್ಬು ಕೇಳಿ ನನಗೂ ಖುಷಿ. ಅಕ್ಕನಿಗೆ, "ನಮ್ಮತ್ತಿ ಕೈಗುಣ ಅಂದ್ರ ಕೈಗುಣ ಬೇ" ಎಂದು ಕೊಚ್ಚಿಕೊಂಡೆ. ಅಕ್ಕ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, "ಹೂಂ ಹೂಂ" ಎಂದಳು.

ನಾಗರಪಂಚಮಿ ಮುಗಿಸಿ ಊರಿಗೆ ಬಂದೆ. ಚೀಲ ಕೆಳಗಿಟ್ಟವಳೇ ಮೆಟ್ಟಿಲು ಹತ್ತಿದೆ. ಗುರ್ತು ಹಿಡಿಯುವುದಿಲ್ಲ ಎಂದದ್ದು ಖರೇನೇ ಆಗಿತ್ತು. ಒಂದೊಂದು ಗಿಡವೂ ಮೊಳದುದ್ದ ಬೆಳೆದು, ಅಂಗೈಯಗಲದ ಎಲೆ ಬಿಟ್ಟು, ಕೊಬ್ಬಿ ನಿಂತಿತ್ತು. ಎಲ್ಲಾ ಹಸಿರು! ಹಳದಿಯೆಲ್ಲಿ, ಕೆಂಪೆಲ್ಲಿ, ಕೇಸರಿಯೆಲ್ಲಿ? ಹಳೆಯ ಬಣ್ಣದ ಎಲೆಗಳು ಬುಡದಲ್ಲಿ ಉದುರಿ ಹೋಗಿದ್ದವು, ಹೊಸವು ಒಂದಕ್ಕೊಂದು ಪೈಪೋಟಿಯ ಮೇಲೆ ಕಡುಹಸಿರು. ಕುಂಡಗಳನ್ನೆಲ್ಲ ನೀರಿನ ಟ್ಯಾಂಕಿನ ನೆರಳಿಗೆ ಎಳೆದು ಸಾಲಾಗಿ ಇಡಲಾಗಿತ್ತು, ಪ್ರತಿಯೊಂದರ ಅಡಿಯಲ್ಲಿ ಒಂದೊಂದು ತಟ್ಟೆ, ತಟ್ಟೆಯ ತುಂಬ ನೀರು. ನನ್ನ ಹಿಂದೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಗೆದ್ದ ಮುಖ ಮಾಡಿ ನಿಂತಿದ್ದಳು.

"ಅತ್ತಿ... ಏನ್ ಹಾಕೀರಿ ಇವಕ್ಕ?"

"ಯೂರಿಯಾ! ವಾರಕ್ಕೊಂದ್ ಸಲ ಗಿಡಕ್ಕೊಂದ್ ಚಿಟಗಿ. ಲೀಸಿನಾವ ಹೊಲಕ್ಕ ಹಾಕಿ ಉಳದದ್ದು ತಂದುಕೊಟ್ಟಿದ್ದ. ಮತ್ತ ನೀರು ನಿಂದ್ರಂಗಿಲ್ಲ ಈ ಪಾಟಿನ್ಯಾಗ, ಬುಡದಾಗ ತೂತು ಮಾಡ್ಯಾರ ಯಾರೋ ಹುಚ್ಚರು. ಅದಕ್ಕ ತಟ್ಟಿ ಇಟ್ಟೀನಿ."

ನೆಲ್ಲಿನ ಗದ್ದೆ ಮಾಡಿದ್ದಳು ನನ್ನ ಕ್ರೋಟನ್ ಕುಂಡಗಳನ್ನು! ಮನಿ ಪ್ಲಾಂಟ್ ಬಳ್ಳಿಯೊಂದು ಮಾತ್ರ ಆ ನೀರಿನಲ್ಲಿ ಹಬ್ಬ ಮಾಡಿಕೊಂಡು ಪೈಪು ಹತ್ತಿ ಪಕ್ಕದ ಮನೆಗೆ ಹೊರಟಿತ್ತು. ನಾನು ಏನೇನು ಕೂಗಾಡಿದೆನೋ ನನಗೇ ನೆನಪಿಲ್ಲ. ಹಾಲ್‌ನವರು ಬಣ್ಣ ಕೇಳಿದ್ದಾರೆ, ಬಣ್ಣವಿಲ್ಲದಿದ್ದರೆ ಒಯ್ಯುವುದಿಲ್ಲ, ಒಯ್ಯದಿದ್ದರೆ ನನ್ನ ಮಾಳಿಗೆ ಹೋಯಿತು ಎಂದೆ. ಅತ್ತೆಯೂ ಬಿಡಲಿಲ್ಲ. "ಹಳದಿ ಬಿದ್ದ ಗಿಡ ಮಂದಿ ಮುಂದ ಇಟ್ರ ಮರ್ಯಾದಿ ಹೋಗಂಗಿಲ್ಲೇನು? ಆ ಮನಿಗೆ ಉಣ್ಣಾಕಿಲ್ಲ ಅಂತಾರ! ಹಸರು ಮಾಡೀನಿ, ಹಾಂ!" ಕೆಳಗಿನಿಂದ ನಮ್ಮ ಮನೆಯವರು ಬಂದರು, ನೋಡಿದರು, ನಕ್ಕರು. ನಕ್ಕಿದ್ದಷ್ಟೇ ಅಲ್ಲ, "ಟೇಪು ಎಲ್ಲಿಟ್ಟೀವಿ? ಅಳತಿ ಹಿಡಿಬೇಕು" ಎಂದರು. ಆ ಹೊತ್ತಿನಲ್ಲಿ ಅವರನ್ನೂ ಒಂದು ತಟ್ಟೆಯಲ್ಲಿ ನಿಲ್ಲಿಸಿ ಯೂರಿಯಾ ಹಾಕಬೇಕೆನ್ನಿಸಿತ್ತು.

ಮರುದಿನ ಸಿಟ್ಟು ಇಳಿದ ಮೇಲೆ ಬುದ್ಧಿ ಬಂತು. ಮಣ್ಣು, ಎಲೆ ಪರೀಕ್ಷೆ ಮಾಡುವ ಒಂದು ಲ್ಯಾಬ್ ಊರಲ್ಲಿತ್ತು. ಪ್ರತಿ ಗಿಡದ ನಡುಭಾಗದಿಂದ ಎಲೆ ಕಿತ್ತು, ತೊಳೆದು, ಕಾಗದದ ಚೀಲದಲ್ಲಿ ಹಾಕಿಕೊಂಡು ಹೋದೆ. ಅಲ್ಲಿದ್ದ ಹುಡುಗಿ ಒಂದು ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ದಿನಾ ನೆಲ್ಲು, ಹತ್ತಿ ಮುಟ್ಟುವ ಕೈ.

"ಇದು ಯಾವ ಬೆಳಿ ರೀ ಅಕ್ಕಾರ?"

"ಕ್ರೋಟನ್."

"ತಿಂತಾರೇನ್ರಿ?"

"ಇಲ್ಲವ್ವಾ, ನೋಡ್ತಾರ."

ಅವಳು ನಕ್ಕಳು, ಎಲೆ ಒಳಗಿಟ್ಟುಕೊಂಡಳು. ಕೆಲವು ದಿನ ಬಿಟ್ಟು ಫೋನಿನಲ್ಲಿ ವಿಷಯ ಹೇಳಿದಳು. ಎಲೆಯಲ್ಲಿ ಸಾರಜನಕ ತುಂಬಿ ತುಳುಕುತ್ತಿದೆ, ಪೊಟ್ಯಾಷ್ ಕಡಿಮೆ. ಸಾರಜನಕ ಹೆಚ್ಚಾದಷ್ಟು ಎಲೆಗೆ ಹಸಿರು ಹೆಚ್ಚು, ಆ ಹಸಿರು ಬಣ್ಣಗಳನ್ನೆಲ್ಲ ಮುಚ್ಚಿ ಹಾಕುತ್ತದೆ. ನೆರಳು ಬೇರೆ ಕೂಡಿಬಿಟ್ಟರೆ ಮುಗಿಯಿತು. "ಹಸರಾದ ಎಲಿ ಇನ್ನ ತಿರುಗೂದು ಡೌಟು ರೀ. ಯೂರಿಯಾ ನಿಂದ್ರಸ್ರಿ, ಬಿಸಲಿಗಿ ಇಡ್ರಿ, ಹೊಸಾ ಎಲಿ ಹೆಂಗ ಬರ್ತಾವ ನೋಡ್ರಿ" ಎಂದಳು. ದೀಪಾವಳಿಗೆ ಇನ್ನೂ ಸಮಯವಿತ್ತು. ಆದರೆ ಅತ್ತೆಯನ್ನು ನಿಲ್ಲಿಸುವುದು ಹೇಗೆ? ನಾನು ಅತ್ತ ತಿರುಗಿದರೆ ಇತ್ತ ಮುಷ್ಟಿ ತುಂಬಿಕೊಂಡು ಮೇಲೆ ಹೋಗುವವಳು ಆಕೆ.

ಸಾಯಂಕಾಲ ಆಕೆಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತ ಸುಮ್ಮನೆ ಕೇಳಿದೆ. "ಅತ್ತಿ, ನೆಲ್ಲು ಹಣ್ಣಾಗೋ ಹೊತ್ತಿಗೆ ಯಾರರ ಯೂರಿಯಾ ಹಾಕಿದ್ರ ಏನಾಕೈತಿ?"

ಆಕೆ ಎದೆಗೆ ಕೈ ಬಡಿದುಕೊಂಡಳು. "ಯವ್ವಾ! ಹಾಳಾಗಿ ಹೋಕೈತಿ. ಹಸರ ಉಳಿತೈತಿ, ಕಾಳು ಗಟ್ಟಿಯಾಗಂಗಿಲ್ಲ, ಪೈರು ಮಲಗಿಬಿಡತೈತಿ. ಆವಾಗ ಗೊಬ್ಬರನೂ ಹಾಕಬಾರದು, ನೀರನೂ ಹೊರಗ ಬಿಚ್ಚಿಬಿಡಬೇಕು. ಒಣಾ ನೆಲದಾಗ ನಿಂತು ಬಂಗಾರ ಆಗಬೇಕದು."

"ಬಂಗಾರ ಅಂದ್ರ ಯಾವ ಬಣ್ಣ?"

ಆಕೆ ನನ್ನ ಮುಖ ನೋಡಿದಳು. ಕೈಯಲ್ಲಿನ ಬೆಳ್ಳುಳ್ಳಿ ಹಾಗೇ ನಿಂತಿತು. "ನನ್ನ ಗಿಡ ವರ್ಷಾ ಪೂರ್ತಿ ಕಟಾವಿಗೆ ಬಂದ ಬೆಳಿ ಇದ್ದಂಗ ರೀ, ಅತ್ತಿ. ಅವು ಹಸದಿಲ್ಲ, ಹಣ್ಣಾಗ್ಯಾವ" ಎಂದೆ. ಆಕೆ ಒಮ್ಮೆಲೇ ಮೊರ ಸರಿಸಿ, ಮೊಣಕಾಲಿಗೆ ಕೈಯೂರಿ ಎದ್ದಳು. "ಥೂ ಹುಚ್ಚಿ! ಮೊದಲ ಹಂಗ ಹೇಳಬಾರದೇನು? ನಡಿ, ನೀರು ಬಿಚ್ಚೋಣು."

ಅಂದು ಕತ್ತಲಾಗುವುದರೊಳಗೆ ನಾವಿಬ್ಬರೂ ಕೂಡಿ ತಟ್ಟೆಗಳನ್ನೆಲ್ಲ ಬಗ್ಗಿಸಿದೆವು. ಆಕೆಯ ಸೀರೆ ಒದ್ದೆ, ನನ್ನ ಸೀರೆ ಒದ್ದೆ, ಮಾಳಿಗೆಯ ತೂಬಿನಿಂದ ನೀರು ಓಣಿಗೆ ಸುರಿದು ಕೆಳಗೆ ಹೋಗುತ್ತಿದ್ದವರೊಬ್ಬರು ಬೈದರು. ನಾವು ಕಟ್ಟೆಯ ಹಿಂದೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಮಣ್ಣಲ್ಲಿ ಉಳಿದ ಯೂರಿಯಾ ತೊಳೆದು ಹೋಗಲೆಂದು ಒಮ್ಮೆ ತುಂಬ ನೀರು ಹಾಯಿಸಿ ಬಸಿದೆವು. ಅತ್ತೆ ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟಿನ ಬೂದಿ ತರಿಸಿ, ಅದರಲ್ಲಿ ಪೊಟ್ಯಾಷ್ ಇರುತ್ತದೆಂದು ಬುಡಕ್ಕೆ ಸ್ವಲ್ಪ ಸ್ವಲ್ಪ ಬೆರೆಸಿದಳು. ಕುಂಡಗಳನ್ನು ಎಳೆದು ಎಳೆದು ಬಿಸಿಲಿಗೆ ತಂದೆವು.

ಅಲ್ಲಿಂದ ಮುಂದೆ ಲೋಕ ತಿರುಗುಮುರುಗಾಯಿತು. ಅತ್ತೆ ನನಗಿಂತ ಜಿಪುಣಿಯಾದಳು. ನೀರಿನ ಮಗ್ಗು ಹಿಡಿದು ಮೆಟ್ಟಿಲು ಹತ್ತಿದರೆ ಸಾಕು, ಕೆಳಗಿನಿಂದ ಕೂಗು: "ಲೇ, ನೀರು ಬಿಚ್ಚಿದ ಹೊಲಕ್ಕ ಮತ್ತ ನೀರು ಹಾಯಸ್ತಿಯೇನು?" ಗಿಡ ಬಾಡಿ ಎಲೆ ಜೋತುಬಿದ್ದಾಗ ನಾನು ಕಳ್ಳಿಯ ಹಾಗೆ ಸೆರಗಿನಲ್ಲಿ ಚೊಂಬು ಮುಚ್ಚಿಕೊಂಡು ಹೋಗಿ ನೀರು ಹಾಕಿ ಬರುತ್ತಿದ್ದೆ. ನನ್ನದೇ ಗಿಡ, ನನ್ನದೇ ನೀರು, ನನಗೇ ಹೆದರಿಕೆ! ಇಷ್ಟಾದರೂ ಹೊಸ ಎಲೆ ಬರಲೊಲ್ಲದು. ದಸರೆ ಹತ್ತಿರ ಬಂತು. ನಮ್ಮ ಮನೆಯವರು ಮೇಸ್ತ್ರಿಯ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬೀಳುತ್ತಿತ್ತು.

ಮೊದಲು ಕಂಡದ್ದು ಅತ್ತೆಗೆ. ಒಂದು ಮುಂಜಾನೆ ಒಲೆಯ ಮೇಲೆ ರೊಟ್ಟಿ ಬಿಟ್ಟು ಓಡಬೇಕಾಯಿತು, ಅಂಥಾ ಕೂಗು ಮೇಲಿನಿಂದ. ಏನಾಯಿತೋ ಬಿದ್ದಳೋ ಎಂದು ಹೋದರೆ, ಆಕೆ ಒಂದು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಆ ಮೊಣಕಾಲಿನಲ್ಲಿ! "ಬಂತು ಬೇ! ಬಂಗಾರ ಬಂತು!" ಗಿಡದ ನೆತ್ತಿಯಲ್ಲಿ ಸುರುಳಿ ಬಿಚ್ಚುತ್ತಿದ್ದ ಒಂದು ಎಳೆ ಎಲೆ, ಬೆರಳಿನಷ್ಟು, ಅಚ್ಚ ಹಳದಿ. ನಾನು ಆಕೆಯನ್ನು ತಬ್ಬಿಕೊಂಡುಬಿಟ್ಟೆ. ಮದುವೆಯಾಗಿ ಇಷ್ಟು ವರ್ಷವಾಗಿತ್ತು, ಅತ್ತೆಯನ್ನು ತಬ್ಬಿಕೊಂಡದ್ದು ಅದೇ ಮೊದಲು. ಕೆಳಗೆ ರೊಟ್ಟಿ ಸೀದು ಮನೆಯೆಲ್ಲ ಹೊಗೆಯಾಗಿತ್ತು.

ಆಮೇಲೆ ದಿನಕ್ಕೊಂದು ಗಿಡ ನೆತ್ತಿಯಲ್ಲಿ ಬಣ್ಣ ಬಿಟ್ಟಿತು. ಕೆಳಗಿನ ಹಸಿರು ಎಲೆಗಳು ಹಾಗೇ ಉಳಿದವು, ಯೂರಿಯಾ ತಿಂದು ಅಗಲವಾಗಿದ್ದವಲ್ಲ. ಮೇಲೆ ಕೆಂಪು, ಕೇಸರಿ, ಹಳದಿ. ಅರ್ಧ ಗಿಡ ಅತ್ತೆಯದು, ಅರ್ಧ ಗಿಡ ನನ್ನದು. ಹಾಲ್‌ನವರು ಕೇಳಿದ್ದು ಇದಲ್ಲ ಎಂಬ ಅಳುಕು ಮಾತ್ರ ನನ್ನೊಳಗೆ ಇದ್ದೇ ಇತ್ತು.

ದೀಪಾವಳಿ ಕಳೆದು ಅವರು ಬಂದರು. ಅಂದು ನಮ್ಮ ಮನೆಯವರೂ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಉಳಿದಿದ್ದರು. ಎಲ್ಲರೂ ಮೇಲೆ ಹೋದೆವು. ಹಾಲ್‌ನವರು ಸಾಲಿನ ಆ ತುದಿಯಿಂದ ಈ ತುದಿಗೆ ನಡೆದರು, ಮತ್ತೆ ನಡೆದರು. "ಏಮಮ್ಮಾ ಇದು! ಆವಾಗ ಬಣ್ಣ ಇತ್ತು, ಆದರ ಗಿಡ ಬಡಕಲು ಇದ್ದವು. ಈಗ ಕೆಳಗ ದಟ್ಟ ಹಸರು, ಮ್ಯಾಲ ದೀಪ ಹಚ್ಚಿದಂಗ! ಇದು ಯಾವ ತಳಿ?" ಎಂದರು. ಅತ್ತೆ ನನ್ನ ಕಡೆ ನೋಡಿದಳು, ನಾನು ಅತ್ತೆಯ ಕಡೆ. "ಎಲ್ಲಾ ಒಯ್ತೀನಿ. ಮೊದಲು ಇದನ್ನ ಇಳಸ್ರಿ" ಎಂದು ಅವರು ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಸೊಗಸಾದ ಗಿಡದ ಮೇಲೆ ಕೈಯಿಟ್ಟರು. ನನಗೆ ಹೋದ ಜೀವ ಬಂದಂತಾಯಿತು.

"ಅದು ಕೊಡಂಗಿಲ್ಲ" ಎಂದಳು ಅತ್ತೆ.

ನನಗೆ ಕೇಳಿದ್ದು ಖರೇನೋ ಸುಳ್ಳೋ ಎನ್ನಿಸಿತು. ಹಾಲ್‌ನವರ ಹುಬ್ಬು ಮೇಲೇರಿತು. "ನನಗ ಅದ ಬೇಕಮ್ಮಾ. ಬಾಗಿಲ ಮುಂದ ಇಡಾಕ."

"ಹೊಲದಾಗ ಎಲ್ಲಾಕಿಂತ ಚಲೋ ಬೆಳದ ಮಡಿ ಬೀಜಕ್ಕ ಬಿಡಬೇಕ್ರಿ. ಅದನ್ನ ಮಾರಿಕೊಂಡ್ರ ಮುಂದಿನ ಬೆಳಿಗೆ ಏನ್ ಹಾಕೂದು, ನನ್ನ ತಲಿ? ಇದರ ಟೊಂಗಿ ಕಡದು ನೆಡಬೇಕು. ಉಳದವು ಎಲ್ಲಾ ಒಯ್ರಿ, ಇದನ್ನ ಮುಟ್ಟಬ್ಯಾಡ್ರಿ" ಎಂದವಳೇ ಕುಂಡವನ್ನು ಎರಡೂ ತೋಳಲ್ಲಿ ಅಪ್ಪಿ ತನ್ನ ಕಡೆ ಎಳೆದುಕೊಂಡಳು.

ಹಾಲ್‌ನವರು ಮೆಟ್ಟಿಲ ಕಡೆ ತಿರುಗಿದರು. "ಹಂಗಾದ್ರ ಬ್ಯಾಡ ಬಿಡ್ರಿ." ನಾನು ಕಣ್ಣಲ್ಲೇ ಅತ್ತೆಯ ಕಾಲು ಹಿಡಿದೆ. ಒಂದು ಗಿಡ, ಅತ್ತಿ, ಒಂದು ಗಿಡ ಕೊಟ್ಟುಬಿಡ್ರಿ, ನನ್ನ ಮಾಳಿಗೆ ಉಳಿಯುತ್ತದೆ ಎಂದು ಗಂಟಲವರೆಗೆ ಬಂದಿತ್ತು. ಆಕೆಯ ಮುಖ ನೋಡಿದೆ. ಬದುಕಿನುದ್ದಕ್ಕೂ ಬೀಜಕ್ಕೆ ಬಿಟ್ಟ ಹೆಂಗಸಿನ ಮುಖ ಅದು. ನನ್ನ ಬಾಯಿಂದ ಹೊರಟದ್ದು ಬೇರೆಯೇ ಮಾತು: "ಅತ್ತಿ ಹೇಳಿದಂಗ ರೀ. ಅದು ಬೀಜದ್ದು."

ಅವರು ಎರಡು ಮೆಟ್ಟಿಲಿಳಿದು ನಿಂತರು. ಅವರ ಹೆಗಲು ಅಲುಗಾಡಿತು. ತಿರುಗಿದರೆ ಮುಖದ ತುಂಬ ನಗು. "ನಮ್ಮಮ್ಮನೂ ಹಿಂಗ, ಅಚ್ಚಂ ಹಿಂಗ! ಮನಿಯಾಗ ಅಕ್ಕಿ ಖಾಲಿ ಆದ್ರೂ ಬೀಜದ ಚೀಲ ಬಿಚ್ಚಾಕ ಕೊಡ್ತಿರಲಿಲ್ಲ. ಆತಮ್ಮಾ, ಇಟಗೋರಿ. ಉಳದವು ನಾಳೆ ಒಯ್ತೀನಿ. ಆದರ ಅದರ ಮರಿ ಎಲ್ಲಾ ಬರೋ ಸೀಜನ್‌ಗೆ ನನಗ, ಬ್ಯಾರೆಯವರಿಗೆ ಕೊಡಬಾರದು" ಎಂದು ಇಳಿದು ಹೋದರು.

ಮಾಳಿಗೆಯ ಮೇಲೆ ನಾವು ಮೂವರು ಉಳಿದೆವು. ನಮ್ಮ ಮನೆಯವರು ಕಟ್ಟೆಗೆ ಒರಗಿ ಆ ಒಂದು ಗಿಡವನ್ನೇ ನೋಡುತ್ತಿದ್ದರು. ಕರಾರಿನ ಮಾತು ಎತ್ತುತ್ತಾರೆಂದು ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಸಿದ್ಧಳಾಗಿದ್ದೆ. ಅವರು ಟ್ಯಾಂಕಿನಿಂದ ಕುಂಡಗಳ ಸಾಲಿನವರೆಗೆ ದಾಪುಗಾಲು ಹಾಕಿ ಅಳೆದರು.

"ಬರೋ ಸೀಜನ್‌ಗೆ ಅಷ್ಟು ಗಿಡ ಆದ್ರ ಚೊಂಬಿಲೆ ನೀರು ಹಾಕೂದು ಆಗಂಗಿಲ್ಲ" ಎಂದರು. "ಇಲ್ಲಿಗೊಂದು ಪೈಪು ಹಾಕಸ್ತೀನಿ."

ಇನ್ನು ಮೇಸ್ತ್ರಿ ಬರುವುದಿಲ್ಲ, ಮಾಳಿಗೆ ನನ್ನದೇ ಎಂದು ನನ್ನ ಕಣ್ಣು ತುಂಬಿ ಬಂತು, ಖುಷಿಗೆ. ಅತ್ತೆ ಇನ್ನೂ ಕುಂಡವನ್ನು ಅಪ್ಪಿಕೊಂಡೇ ಇದ್ದಳು. ಅಲ್ಲಿಂದಲೇ ಮಗನಿಗೆ ಹೇಳಿದಳು: "ಸಣ್ಣದು ತರಬ್ಯಾಡಲೇ. ಹಾಕ್ಸಿದ್ರ ದೊಡ್ಡದ ಹಾಕ್ಸು."